ಟೈಪಿಂಗ್ ಅಂಗಡಿಯ ಕಂಪ್ಯೂಟರಿಗೆ ಲಿನಕ್ಸ್ ಹಾಕಬಹುದೇ?

ಕೋರ್ಟ್ ಎದುರಿನವನು: ತಾಲ್ಲೂಕು ನ್ಯಾಯಾಲಯದ ಎದುರು ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಕ್ರಯಪತ್ರ, ಬಾಡಿಗೆ ಕರಾರು, ಅಫಿಡವಿಟ್, ಇವೇ ನನ್ನ ಅನ್ನ. ಕಂಪ್ಯೂಟರ್ 2014ರಲ್ಲಿ ಕೊಂಡದ್ದು. ನಾಲ್ಕನೇ ತಲೆಮಾರಿನ ಐ5, ಎಂಟು ಜಿಬಿ ರ್‍ಯಾಮ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಬೆಂಬಲ ಮುಗಿಯಿತು. ವಿಂಡೋಸ್ 11 ಇದನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳುವುದಿಲ್ಲ: ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕಂತೆ, ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕಂತೆ. ದುಡಿಯುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಿಲ್ಲ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಪುಕ್ಕಟೆ ಕಾರ್ಯಾಚರಣೆ ವ್ಯವಸ್ಥೆ ಹಾಕಿದರೆ ಹೇಗೆ?

ಪೆಂಗ್ವಿನ್ ಪಕ್ಷ: ಇಂದೇ ಹಾಕಿ. ಮೊದಲು ಪೆನ್‌ಡ್ರೈವ್‌ನಿಂದಲೇ ಚಲಾಯಿಸಿ ನೋಡಬಹುದು, ಡಿಸ್ಕಿಗೆ ಕೈಹಚ್ಚುವುದೇ ಬೇಡ. ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡದ ಕೆಳಗೆ ‘ಕಗಪ’ ಎಂದಿರುತ್ತದೆ. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯಲ್ಲಿ ಪಳಗಿದ ಬೆರಳಿಗೆ ಅದು ಒಂದೇ ದಿನದಲ್ಲಿ ಒಗ್ಗುತ್ತದೆ.

ಲೆಕ್ಕಿಗ: ಇವರ ಮಾತು ಕೇಳಿ ಬೆಳಿಗ್ಗೆ ಗಿರಾಕಿಗಳ ಮುಂದೆ ಪೆಚ್ಚಾಗಬೇಡಿ. ಜರ್ಮನಿಯ ಮ್ಯೂನಿಕ್ ನಗರಾಡಳಿತ ಸುಮಾರು 15,000 ಕಂಪ್ಯೂಟರುಗಳನ್ನು ಲಿನಕ್ಸಿಗೆ ಒಯ್ದು, 2017ರಲ್ಲಿ ಮತ್ತೆ ವಿಂಡೋಸ್‌ಗೆ ಮರಳುವ ತೀರ್ಮಾನ ಮಾಡಿತು. ಅವರಿಗೇ ಆಗದ್ದು ನಮಗಾಗುತ್ತದೆಯೇ? ನನ್ನ ಲೆಕ್ಕದ ತಂತ್ರಾಂಶ ಟ್ಯಾಲಿಯಂತೂ ವಿಂಡೋಸ್‌ಗೆಂದೇ ಮಾಡಿದ್ದು.

ಪೆಂಗ್ವಿನ್ ಪಕ್ಷ: ಮ್ಯೂನಿಕ್ ಕಾಣುವವರಿಗೆ ಪಕ್ಕದ ಕೇರಳ ಕಾಣುವುದಿಲ್ಲ. ಅಲ್ಲಿನ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಇನ್ನು, ಅವರು ಟ್ಯಾಲಿಯ ಮಾತೆತ್ತಿಯೇ ಇಲ್ಲ. ನಿಮ್ಮ ಹೊಟ್ಟೆನೋವಿಗೆ ಅವರಿಗೇಕೆ ಕಷಾಯ?

ಅರ್ಕಾವೊತ್ತು: ಇಬ್ಬರೂ ಊರಾಚೆ ಜಗಳವಾಡುತ್ತಿದ್ದೀರಿ. ಅವರ ಹಳೆಯ ಕಡತಗಳು ಯಾವ ಫಾಂಟಿನಲ್ಲಿವೆ ಎಂದು ಯಾರಾದರೂ ಕೇಳಿದಿರಾ?

ಕೋರ್ಟ್ ಎದುರಿನವನು: ನುಡಿ 01 ಇ. ಹತ್ತು ವರ್ಷದ ಕ್ರಯಪತ್ರಗಳೆಲ್ಲ ಅದರಲ್ಲೇ ಇವೆ. ಪೆನ್‌ಡ್ರೈವ್‌ನಿಂದ ಮಿಂಟ್ ಚಲಾಯಿಸಿ ಒಂದನ್ನು ತೆರೆದೆ. ‘ಕನ್ನಡ’ ಎಂದಿರಬೇಕಾದ ಕಡೆ ಇಂಗ್ಲಿಷ್ ‘ಪಿ’ ಅಕ್ಷರ, ಅದರಾಚೆ ಬ್ರಿಟನ್ನಿನ ಪೌಂಡ್ ಚಿಹ್ನೆ!

ಅರ್ಕಾವೊತ್ತು: ಅದೇ ನಾನು ಹೇಳಹೊರಟದ್ದು. ಅದು ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ, ಎಲ್ಲ ಯಂತ್ರಗಳೂ ಅರಿಯುವ ಯುನಿಕೋಡ್ ಅಲ್ಲ; ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಆಸ್ಕಿ ಫಾಂಟು. ಕಡತದಲ್ಲಿ ಇರುವುದು ನಿಜಕ್ಕೂ ಪೌಂಡ್ ಚಿಹ್ನೆಯೇ. ಆ ಜಾಗದಲ್ಲಿ ಫಾಂಟು ‘ನ’ದ ಚಿತ್ರ ತೋರಿಸುತ್ತದೆ, ಅಷ್ಟೇ. ನುಡಿ ಫಾಂಟಿನ ಕಡತವನ್ನು ಲಿನಕ್ಸಿನಲ್ಲಿ ಸ್ಥಾಪಿಸಿದರೆ ಹಳೆಯ ಪತ್ರಗಳು ಓದಲು ಬರುತ್ತವೆ, ಅಚ್ಚೂ ಆಗುತ್ತವೆ. ಆದರೆ ಅದೇ ಫಾಂಟಿನಲ್ಲಿ ಟೈಪು ಮಾಡಲಾಗದು. ಬೆರಳೊತ್ತಿದ್ದನ್ನು ಆ ಚಿಹ್ನೆಗಳಿಗೆ ಬದಲಿಸಿ ಕೊಡುತ್ತಿದ್ದದ್ದು ನುಡಿ ತಂತ್ರಾಂಶ, ಅದು ವಿಂಡೋಸಿನದು. ಹೊಸದನ್ನೆಲ್ಲ ಯುನಿಕೋಡ್‌ನಲ್ಲಿ ಬರೆಯಿರಿ. ಹಳೆಯದರಲ್ಲಿ ಬೇಕಾದಷ್ಟನ್ನು ಪರಿವರ್ತಿಸಿಕೊಳ್ಳಿ, ಪರಿವರ್ತಿಸಿದ ಮೇಲೆ ಅರ್ಕಾವೊತ್ತಿನ ಮೇಲೆ ಕಣ್ಣಿರಲಿ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯುನಿಕೋಡ್‌ನಲ್ಲಿ ಮೊದಲು ಬರಬೇಕು. ಕಳಪೆ ಪರಿವರ್ತಕ ‘ವರ್ಷ’ವನ್ನು ‘ವಷರ್’ ಮಾಡಿಬಿಡುತ್ತದೆ.

ಲೆಕ್ಕಿಗ: ನೋಡಿದಿರಾ, ಪುಕ್ಕಟೆ ತಂತ್ರಾಂಶಕ್ಕೆ ಇಷ್ಟೆಲ್ಲ ಹರಕೆ ತೀರಿಸಬೇಕು.

ಅರ್ಕಾವೊತ್ತು: ವಿಂಡೋಸಿನಲ್ಲೇ ಇದ್ದರೂ ಈ ಹರಕೆ ತಪ್ಪುವುದಿಲ್ಲ. ಆ ಪತ್ರವನ್ನು ಗಿರಾಕಿಯ ಮೊಬೈಲಿಗೆ ಕಳಿಸಿ ನೋಡಿ, ಅಲ್ಲಿಯೂ ಪೌಂಡೇ ಕಾಣುತ್ತದೆ. ಸಾಲ ಹಳೆಯದು, ಬಾಗಿಲು ತಟ್ಟಿದ್ದು ಮಾತ್ರ ಲಿನಕ್ಸ್.

ಮೊಳೆ ಜೋಡಿಸಿದವಳು: ನಡುವಿನ ದಾರಿಯೂ ಇದೆ. ಮಿಂಟ್ ಒಳಗೆ, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನೇ ನಡೆಸುವ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ವಿಂಡೋಸ್ 10 ಮತ್ತು ನುಡಿ ಇಟ್ಟುಕೊಳ್ಳಿ. ಅದಕ್ಕೆ ಇಂಟರ್‌ನೆಟ್ ಕೊಡಬೇಡಿ. ಎಂಟು ಜಿಬಿಯಲ್ಲಿ ನಾಲ್ಕನ್ನು ಅದಕ್ಕೆ ಬಿಟ್ಟರೆ ನಡೆಯುತ್ತದೆ. ನಮ್ಮ ಮುದ್ರಣಾಲಯದ ಹಳೆಯ ಪುಟವಿನ್ಯಾಸ ತಂತ್ರಾಂಶ ಪೇಜ್‌ಮೇಕರ್ ಇಂದಿಗೂ ಹಾಗೆಯೇ ಉಸಿರಾಡುತ್ತಿದೆ.

ಕೋರ್ಟ್ ಎದುರಿನವನು: ಎರಡು ವಾರ ಕಳೆಯಿತು, ವರದಿ ಒಪ್ಪಿಸುತ್ತೇನೆ. ಹಳೆಯ ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿಟ್ಟು, ಹೊಸ ಎಸ್‌ಎಸ್‌ಡಿಗೆ ಮಿಂಟ್ ಹಾಕಿದೆ. ಕಗಪ ಕೀಲಿಮಣೆ ಒಗ್ಗಿತು. ದಿನವೂ ಬಳಸುವ ಮಾದರಿ ಪತ್ರಗಳು ಹದಿನೆಂಟೇ ಎಂಬುದು ಎಣಿಸಿದಾಗ ತಿಳಿಯಿತು, ಅಷ್ಟನ್ನೇ ಪರಿವರ್ತಿಸಿದೆ. ಮೊದಲ ಕ್ರಯಪತ್ರದ ಚಕ್ಕುಬಂದಿಯಲ್ಲೇ ಸಿಕ್ಕಿಬಿದ್ದೆ: ‘ಸರ್ವೆ ನಂಬರ್’ ಇರಬೇಕಾದಲ್ಲೆಲ್ಲ ‘ಸವೆರ್ ನಂಬರ್’. ಉಪನೋಂದಣಿ ಕಚೇರಿಗೆ ಹೋಗಿದ್ದರೆ ನನ್ನ ಕಥೆಯೇ ಸವೆಯುತ್ತಿತ್ತು. ಲಿಬ್ರೆಆಫೀಸ್‌ನಲ್ಲಿ ಹುಡುಕಿ ಬದಲಿಸಿದೆ, ಮೂರು ಸಲ ಓದಿದೆ.

ಇನ್ನೊಂದು ಪೇಚು ಇ-ಸ್ಟಾಂಪ್ ಕಾಗದದ್ದು. ಮುದ್ರೆಯ ಕೆಳಗಿನಿಂದ ಒಕ್ಕಣೆ ಶುರುವಾಗಬೇಕು. ಬಿಳಿ ಹಾಳೆಯಲ್ಲಿ ಪರೀಕ್ಷಿಸಿದಾಗ ಎರಡು ಸೆಂಟಿಮೀಟರ್ ಮೇಲೆ ಬಂತು. ಪ್ರಿಂಟರಿನಲ್ಲಿ ಕಾಗದದ ಅಳತೆ ಎ4 ಎಂದೇ ಕುಳಿತಿತ್ತು, ಲೀಗಲ್ ಮಾಡಿದ ಮೇಲೆ ಸರಿಹೋಯಿತು.

ಲೆಕ್ಕಿಗ: ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ನಡೆಯುತ್ತದೆಯೇ?

ಕೋರ್ಟ್ ಎದುರಿನವನು: ನನಗೆ ಅದರ ಕೆಲಸವಿಲ್ಲ. ಸ್ಕ್ಯಾನರ್ ಮಾತ್ರ ಇನ್ನೂ ಮುನಿಸಿಕೊಂಡಿದೆ: ಗಾಜಿನ ಮೇಲೆ ಇಟ್ಟರೆ ಓದುತ್ತದೆ, ಮೇಲಿನ ತಟ್ಟೆಗೆ ಹತ್ತು ಹಾಳೆ ಕೊಟ್ಟರೆ ಒಂದನ್ನು ನುಂಗಿ ಸುಮ್ಮನಾಗುತ್ತದೆ. ಮೊಳೆ ಜೋಡಿಸಿದವರೇ, ನಿಮ್ಮಲ್ಲಿ ಹೇಗಿದೆ?