ಪದಚರ್ಚೆ: ‘ಸೈಡ್‌ಲೈನ್’ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಬೆಳಿಗ್ಗೆಯೊಳಗೆ ಬೇಕು)

ಆನ್ ಆರ್ಬರ್‌ನಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಕನ್ನಡದವರು ಸೇರಿ ಮಾಡುವ ರಾಜ್ಯೋತ್ಸವದಲ್ಲಿ ನನ್ನ ಹನ್ನೆರಡು ಫೋಟೋ ಇಡುತ್ತಿದ್ದಾರೆ. ಎಲ್ಲವೂ ಕಾಲೇಜು ಫುಟ್‌ಬಾಲ್‌ನವು. ಕಾಲೇಜು ಆಟ ಅಂದರೆ ಚಿಕ್ಕದು ಅಂದುಕೊಳ್ಳಬೇಡಿ. ಮಿಷಿಗನ್ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ನಾನು ವಿದ್ಯಾರ್ಥಿಗಳ ಪತ್ರಿಕೆಗೆ ಫೋಟೋ ತೆಗೆಯುತ್ತೇನೆ, ಹಾಗಾಗಿ ಮೈದಾನದ ಪಕ್ಕದಲ್ಲೇ ಕೂರಲು ಸಿಗುತ್ತದೆ. ಬೋರ್ಡಿನ ಮೇಲೆ ‘ಸೈಡ್‌ಲೈನಿನಿಂದ’ ಅಂತ ಬರೆಯೋಕೆ ಮನಸ್ಸಿಲ್ಲ. ಒಂದು ಒಳ್ಳೆಯ ಪದ ಹೇಳಿ.

ಮೈಸೂರಿನಿಂದ:

ಪಾರ್ಶ್ವರೇಖೆ. ಇದರಲ್ಲಿ ಚರ್ಚೆ ಮಾಡಲು ಏನೂ ಇಲ್ಲ.

ಬೆಂಗಳೂರಿನಿಂದ:

ಚರ್ಚೆ ಇದೆ. ಸಂಸ್ಕೃತದ ಎರಡು ತುಂಡು ಅಂಟಿಸಿದರೆ ಕನ್ನಡ ಆಗುವುದಿಲ್ಲ. ‘ಬದಿಗೆರೆ’ ಅನ್ನಿ. ಬದಿ ನಮ್ಮದು, ಗೆರೆ ನಮ್ಮದು. ಹಾಗೆಯೇ ಫುಟ್‌ಬಾಲ್ ಅನ್ನುವುದನ್ನೂ ಬಿಡಿ, ‘ಕಾಲ್ಚೆಂಡು’ ಎಂದು ಬರೆಯಿರಿ.

ಆನ್ ಆರ್ಬರ್‌ನಿಂದ:

ಸಾರ್, ಈ ಆಟದಲ್ಲಿ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುತ್ತಾರೆ, ಇಲ್ಲವೇ ಕೈಯಿಂದ ಎಸೆಯುತ್ತಾರೆ. ಕಾಲಿಗೆ ಕೆಲಸ ಬೀಳುವುದು ಯಾವಾಗಲೋ ಒಮ್ಮೆ. ಕಾಲ್ಚೆಂಡು ಅಂತ ಹಾಕಿದರೆ ಊರಿಂದ ಬಂದ ಅಪ್ಪ ಅಮ್ಮಂದಿರು ಗೋಲ್ ಎಲ್ಲಿ ಅಂತ ಹುಡುಕುತ್ತಾರೆ.

ಬದಿಗೆರೆ ಚೆನ್ನಾಗಿದೆ, ಆದರೆ ನನ್ನ ತೊಡಕು ಬೇರೆ. ಸೈಡ್‌ಲೈನ್ ಅಂದರೆ ನಮಗೆ ಗೆರೆ ಅಲ್ಲ, ಜಾಗ. ಆಟದಂಗಳದ ಪಕ್ಕಕ್ಕೆ ಆರು ಅಡಿ ಅಗಲದ ಬಿಳಿ ಪಟ್ಟೆ ಬಳಿದಿರುತ್ತಾರೆ. ಅದರಾಚೆ, ಅಂಗಳದಿಂದ ಹನ್ನೆರಡು ಅಡಿ ದೂರದಲ್ಲಿ, ತುಂಡು ತುಂಡಾಗಿ ಎಳೆದ ಇನ್ನೊಂದು ಗೆರೆ. ನಾವು ಅದರ ಹಿಂದೆ ಮೊಣಕಾಲೂರಿ ಕೂರಬೇಕು. ಆ ಬದಿಯ ಉದ್ದದಲ್ಲಿ ನಡುಭಾಗ ಪೂರ್ತಿ ಆಟಗಾರರದ್ದು, ಕೋಚ್‌ಗಳದ್ದು. ಅಲ್ಲಿಗೆ ಕಾಲಿಡುವ ಹಾಗಿಲ್ಲ. ಆದ್ದರಿಂದ 400 ಎಂಎಂ ಲೆನ್ಸನ್ನು ಒಂಟಿಗಾಲಿನ ಕೋಲಿನ ಮೇಲೆ ಹೊತ್ತು ತುದಿಯಿಂದ ತುದಿಗೆ ಓಡಾಡುವುದೇ ಕೆಲಸ. ಚೆಂಡು ಹಿಡಿದವನು ನಮ್ಮ ಕಡೆಗೇ ನುಗ್ಗಿದರೆ ಲೆನ್ಸಿನಲ್ಲಿ ಮೊದಲು ಮುಖ, ಆಮೇಲೆ ಬರೀ ಹೆಲ್ಮೆಟ್ಟಿನ ಸರಳು. ಸರಳು ಕಂಡಿತೋ, ಫೋಟೋ ಆಸೆ ಬಿಟ್ಟು ಏಳಬೇಕು. ಈ ಜಾಗಕ್ಕೆ ಹೆಸರು ಬೇಕು.

ಪುತ್ತೂರಿನಿಂದ:

ಯಾರಿಗೂ ‘ಕರೆ’ ನೆನಪಾಗಲಿಲ್ಲವೇ? ಕರೆ ಎಂದರೆ ದಡ. ಬಟ್ಟೆಯ ಅಂಚೂ ಕರೆಯೇ. ತಮಿಳಿನ ಕರೈ ಇದರದ್ದೇ ಅಕ್ಕತಂಗಿ. 1894ರಷ್ಟು ಹಿಂದೆಯೇ ಕಿಟ್ಟೆಲ್ಲರ ನಿಘಂಟು ಅಚ್ಚಾಗಿದೆ, ತೆಗೆದು ನೋಡುವವರಿಲ್ಲ. ನಮ್ಮಲ್ಲಿ ಜೋಡುಕರೆ ಕಂಬಳ ಅನ್ನುವುದಿಲ್ಲವೇ? ‘ಕರೆಯಿಂದ’ ಎಂದು ಬರೆಯಿರಿ. ಮೂರೇ ಅಕ್ಷರ, ಜಾಸ್ತಿ ಇಲ್ಲ, ಬೋರ್ಡಿಗೂ ಅನುಕೂಲ.

ಮೈಸೂರಿನಿಂದ:

ಕರೆಯಿಂದ ಎನ್ನುವುದು ನಾಲ್ಕಕ್ಷರ. ಮತ್ತೆ ಕಂಬಳದಲ್ಲಿ ಕರೆ ಎಂದರೆ ಕೋಣಗಳು ಓಡುವ ಜಾಗ. ಆ ಹುಡುಗಿಯನ್ನು ಅಲ್ಲಿ ಕೂರಿಸುತ್ತೀರಾ?

ಬೆಂಗಳೂರಿನಿಂದ:

ಈ ಕಡೆ ಕರೆ ಅಂದರೆ ಫೋನು.

ಧಾರವಾಡದಿಂದ:

ತಂಗಿ, ‘ಬದು’ ಹೆಂಗದ ನೋಡು. ಎರಡು ಹೊಲದ ನಡುವೆ ಇರುತ್ತದಲ್ಲ, ಅದು. ಬಿತ್ತುವ ನೆಲ ಅಲ್ಲ, ದಾರಿಯೂ ಅಲ್ಲ. ಅಲ್ಲಿ ಕೂತು ಬುತ್ತಿ ಉಣ್ಣಬಹುದು, ಬೇರೆಯವರ ಬೆಳೆ ನೋಡಬಹುದು, ತುಳಿಯುವ ಹಾಗಿಲ್ಲ. ನೀನು ಹೇಳಿದ ಜಾಗ ಅದೇ ಅಲ್ವಾ?

ಬೆಂಗಳೂರಿನಿಂದ:

ಬದು ಎತ್ತರ ಇರಬೇಕು. ಇದು ಸಪಾಟು ನೆಲ.

ಧಾರವಾಡದಿಂದ:

ಬೋರ್ಡು ಓದುವವರು ಟೇಪು ಹಿಡಿದು ಬರುತ್ತಾರೇನ್ರೀ?

ಮಂಡ್ಯದಿಂದ:

ಒಂದು ಮಾತು. ಫೋಟೋ, ಲೆನ್ಸು, ಸ್ಟೇಡಿಯಂ, ಕಾಲೇಜು ಎಲ್ಲವನ್ನೂ ಸುಮ್ನೆ ಒಪ್ಪಿಕೊಂಡು ಸೈಡ್‌ಲೈನ್ ಒಂದನ್ನೇ ಬಾಗಿಲಲ್ಲಿ ನಿಲ್ಲಿಸುವುದು ಯಾವ ನ್ಯಾಯ? ಕುರ್ಚಿ, ಕಚೇರಿ, ವಕೀಲ ಎಲ್ಲಿಂದ ಬಂದವು ಅಂತ ಯಾರಾದರೂ ಕೇಳುತ್ತೀರಾ? ಸೈಡ್‌ಲೈನ್ ಅಂತಲೇ ಬರೆಯಿರಿ.

ಬೆಂಗಳೂರಿನಿಂದ:

ಕುರ್ಚಿ ಬಂದಾಗ ನಮ್ಮಲ್ಲಿ ಅದಕ್ಕೆ ಹೆಸರಿರಲಿಲ್ಲ. ಗೆರೆ, ಬದಿ ಎರಡೂ ಮನೆಯಲ್ಲೇ ಇವೆ. ಮನೆಯಲ್ಲಿ ಅಕ್ಕಿ ಇಟ್ಟುಕೊಂಡು ಪಕ್ಕದ ಮನೆಗೆ ಸಾಲಕ್ಕೆ ಹೋಗುವುದೇಕೆ?

ಮೈಸೂರಿನಿಂದ:

‘ಪದಚರ್ಚೆ’ ಎಂಬ ತಲೆಬರಹದ ಕೆಳಗೆ ಕೂತು ಈ ಮಾತು. ಪದವೂ ಸಂಸ್ಕೃತ, ಚರ್ಚೆಯೂ ಸಂಸ್ಕೃತ.

(ಇದಾದ ಮೇಲೆ ಮಹಾಪ್ರಾಣ ಬೇಕೇ ಬೇಡವೇ ಎಂಬ ಬಗ್ಗೆ ಬಂದ ಹನ್ನೊಂದು ಓಲೆಗಳಿಗೆ ಬೇರೆ ಎಳೆ ತೆರೆದಿದ್ದೇನೆ. ದಯವಿಟ್ಟು ಅಲ್ಲೇ ಮುಂದುವರಿಸಿ. – ನಿರ್ವಾಹಕ)

ಆನ್ ಆರ್ಬರ್‌ನಿಂದ:

ಎಲ್ಲರಿಗೂ ಥ್ಯಾಂಕ್ಸ್. ಬದು ನನಗೆ ತುಂಬಾ ಹಿಡಿಸಿತು ಅಕ್ಕಾ, ಆದರೆ ಇಲ್ಲಿ ಹುಟ್ಟಿದ ಮಕ್ಕಳಿಗೆ ಹೊಲವನ್ನೂ ವಿವರಿಸಬೇಕಾಗುತ್ತದೆ. ನಿನ್ನೆ ರಾತ್ರಿ ಶಾಲೆಯ ಕಬಡ್ಡಿ ನೆನಪಾಯಿತು. ಪಿಟಿ ಮೇಷ್ಟ್ರು ಆಡದವರಿಗೆಲ್ಲ ‘ಗೆರೆ ಆಚೆ ನಿಂತ್ಕೊಳ್ರೋ’ ಅಂತ ಕೂಗುತ್ತಿದ್ದರು. ‘ಗೆರೆಯಾಚೆಯಿಂದ’ ಅಂತ ಬೋರ್ಡಿಗೆ ಕೊಟ್ಟುಬಿಟ್ಟೆ.

ಮೈಸೂರಿನಿಂದ:

ತಪ್ಪು. ಮೇಷ್ಟ್ರು ಅಂಗಳದ ಒಳಗೆ ನಿಂತಿದ್ದರು, ಅವರಿಗೆ ಅದು ಆಚೆ. ಕ್ಯಾಮೆರಾ ಹಿಡಿದು ಹೊರಗೆ ಕೂತವಳು ನೀನು. ನಿನಗೆ ಆಟ ಗೆರೆಯ ಆಚೆ, ನೀನು ಗೆರೆಯ ಈಚೆ.

ಆನ್ ಆರ್ಬರ್‌ನಿಂದ:

ಅಯ್ಯೋ, ಹೌದಲ್ಲ ಮೇಷ್ಟ್ರೇ! ‘ಗೆರೆಯ ಈಚೆಯಿಂದ’. ಅಂಗಡಿಗೆ ಈಗಲೇ ಫೋನ್ ಮಾಡುತ್ತೇನೆ, ಇನ್ನೂ ಅಚ್ಚು ಹಾಕಿರಲಿಕ್ಕಿಲ್ಲ.

ಬೆಂಗಳೂರಿನಿಂದ:

ಮೈಸೂರಿನವರ ಕೈಯಿಂದ ಅಚ್ಚಗನ್ನಡ ಹೊರಟಿತು. ಗೆರೆ ನನ್ನದು ಎಂಬುದು ನೆನಪಿರಲಿ.

ಮೈಸೂರಿನಿಂದ:

ಗೆರೆ ಯಾರದ್ದು ಎಂಬ ಬಗ್ಗೆ ನಾಳೆ ವಿವರವಾಗಿ ಬರೆಯುತ್ತೇನೆ.