ಇಗ್ವಾನಾ, ಟೆಗು, ಸವಾನಾ ಮಾನಿಟರ್: ಸಾಕಿದವರು ದಯವಿಟ್ಟು ಅನುಭವ ಹೇಳಿ

ಪ್ರಶ್ನೆ

ನಮಸ್ಕಾರ. ನಾವಿರುವುದು ಡಲ್ಲಾಸ್ ಹತ್ತಿರ. ಹದಿನಾಲ್ಕು ವರ್ಷದ ಮಗ ದೊಡ್ಡ ಹಲ್ಲಿ ಸಾಕಲೇಬೇಕು ಅಂತ ಎರಡು ವರ್ಷದಿಂದ ಉಡದ ಪಟ್ಟು ಹಿಡಿದಿದ್ದಾನೆ. ಹಸಿರು ಇಗ್ವಾನಾ, ಅರ್ಜೆಂಟೀನಾದ ಕಪ್ಪು-ಬಿಳುಪು ಟೆಗು, ಆಫ್ರಿಕಾದ ಉಡವಾದ ಸವಾನಾ ಮಾನಿಟರ್, ಈ ಮೂರರಲ್ಲಿ ಒಂದು ಬೇಕಂತೆ. ನಾವು ಸಸ್ಯಾಹಾರಿಗಳು. ಪ್ರತಿ ಡಿಸೆಂಬರ್‌ನಲ್ಲಿ ಮೂರು ವಾರ ಮೈಸೂರಿಗೆ ಹೋಗುತ್ತೇವೆ. ವರ್ಷಕ್ಕೆ ಆರು ತಿಂಗಳು ಅತ್ತೆ-ಮಾವ ನಮ್ಮ ಜೊತೆ ಇರುತ್ತಾರೆ. ಏನು ಮಾಡೋಣ?

ಹ್ಯೂಸ್ಟನ್‌ನಿಂದ

ಮೇಡಂ, ನಮ್ಮ ಮನೆಯಲ್ಲಿ ಒಂಬತ್ತು ವರ್ಷದಿಂದ ಗಂಡು ಟೆಗು ಇದೆ. ನನ್ನ ಓಟು ಟೆಗುವಿಗೇ. ಆದರೆ ಹಲ್ಲಿ ಹೇಗಿದೆ ಅಂತ ನೋಡುವ ಮೊದಲು ಮನೆಯಲ್ಲಿ ಜಾಗ ಎಲ್ಲಿದೆ ಅಂತ ನೋಡಿ. ಬೆಳೆದ ಟೆಗು ನಾಲ್ಕು ಅಡಿ ಮುಟ್ಟುತ್ತದೆ. ಅದಕ್ಕೆ ಕಡಿಮೆ ಅಂದರೂ 8 ಅಡಿ ಉದ್ದ, 4 ಅಡಿ ಅಗಲದ ಗೂಡು ಬೇಕು, ಒಳಗೆ ತೋಡಲು ಒಂದಡಿ ಆಳದ ತೇವದ ಮಣ್ಣು ಬೇಕು. ನಾವು ಗೆಸ್ಟ್ ರೂಮನ್ನೇ ಬಿಟ್ಟುಕೊಟ್ಟಿದ್ದೇವೆ. ನಿಮ್ಮಲ್ಲಿ ಆ ರೂಮು ಅತ್ತೆ-ಮಾವನವರದು ಅನ್ನಿಸುತ್ತದೆ, ಹಾಗಾಗಿ ಇದನ್ನು ಮೊದಲು ಬಗೆಹರಿಸಿಕೊಳ್ಳಿ.

ಟೆಗು ಮನುಷ್ಯರನ್ನು ಗುರುತಿಸುತ್ತದೆ. ಸಂಜೆ ನಾನು ಕೆಲಸದಿಂದ ಬಂದ ಸದ್ದಿಗೆ ಬಾಗಿಲ ಹತ್ತಿರ ಬಂದು ನಿಲ್ಲುತ್ತದೆ, ನಾಲಿಗೆ ಆಡಿಸಿ ನನ್ನ ಷೂ ಮೂಸಿ ನೋಡುತ್ತದೆ. ಮೊದಲ ವರ್ಷ ಮಾತ್ರ ಹೀಗಿರಲಿಲ್ಲ, ಹತ್ತಿರ ಹೋದರೆ ಬುಸ್ ಅನ್ನುತ್ತಿತ್ತು. ನಾನು ದಿನಾ ಅರ್ಧ ಗಂಟೆ ಗೂಡಿನ ಪಕ್ಕ ಸುಮ್ಮನೆ ಕೂತು ಪುಸ್ತಕ ಓದುತ್ತಿದ್ದೆ, ನನ್ನ ಹಳೇ ಟೀ ಶರ್ಟ್ ಒಳಗೆ ಹಾಕಿಡುತ್ತಿದ್ದೆ. ನಿಮ್ಮ ಮಗನಿಗೆ ಆ ತಾಳ್ಮೆ ಇದ್ದರೆ ಒಳ್ಳೆಯ ಜೊತೆಯಾಗುತ್ತದೆ.

ನಿಮ್ಮ ಮೈಸೂರು ಪ್ರವಾಸಕ್ಕೂ ಅದು ಒಗ್ಗಬಹುದು. ನಮ್ಮದು ಅಕ್ಟೋಬರ್ ಕೊನೆಗೆ ಮಣ್ಣೊಳಗೆ ಹೋಗಿ ಮಲಗಿದರೆ ಫೆಬ್ರವರಿಯಲ್ಲಿ ಏಳುತ್ತದೆ. ಎಲ್ಲ ಟೆಗುಗಳೂ ಹೀಗೆ ಮಲಗುವುದಿಲ್ಲ. ಮಲಗಿದರೂ ನೀರು ಇಡಲು, ಒಮ್ಮೆ ಇಣುಕಿ ನೋಡಲು ಯಾರಾದರೂ ಬೇಕು.

ಸಸ್ಯಾಹಾರದ ವಿಷಯ ಮುಚ್ಚಿಡುವುದಿಲ್ಲ. ಮರಿ ಟೆಗುವಿಗೆ ಹುಳು, ಮೀನು, ಮೊಟ್ಟೆ, ಇಲಿ ಬೇಕು. ದೊಡ್ಡದಾದ ಮೇಲೆ ಹಣ್ಣೂ ತಿನ್ನುತ್ತದೆ. ಅದಕ್ಕೆ ಮಾಂಸ ತಪ್ಪಿಸಲಾಗದು. ನಮ್ಮ ಮನೆಯಲ್ಲೂ ಯಾರೂ ಮಾಂಸ ಮುಟ್ಟುವವರಲ್ಲ. ಗ್ಯಾರೇಜಿನಲ್ಲಿ ಬೇರೆ ಫ್ರೀಜರ್, ಬೇರೆ ಚಾಕು, ಬೇರೆ ಇಕ್ಕಳ ಇಟ್ಟಿದ್ದೇವೆ. ಮೊಟ್ಟೆಯನ್ನು ಬೇಯಿಸಿ ಕೊಡಿ. ಹಸಿ ಬಿಳಿಭಾಗ ದಿನಾ ಕೊಟ್ಟರೆ ಬಯೋಟಿನ್ ಎಂಬ ವಿಟಮಿನ್ನಿನ ಕೊರತೆ ಬರಬಹುದು.

ಶಿಕಾಗೋದಿಂದ

"ಇಗ್ವಾನಾ ಸೊಪ್ಪು ತಿನ್ನುತ್ತದೆ, ನಮಗೆ ಸರಿಹೋಗುತ್ತದೆ" ಅಂತ ನಾವೂ ತಂದೆವು. ಅಕ್ಕ, ಆ ಒಂದೇ ಕಾರಣಕ್ಕೆ ತರಬೇಡಿ.

ನಾವು ದಿನಾ ಪಾಲಕ್ ಹಾಕಿದೆವು. ಬಿಸಿಲು ಬೇಕಲ್ಲ ಅಂತ ಕಿಟಕಿ ಪಕ್ಕ ಇಟ್ಟೆವು. ಎರಡೂ ತಪ್ಪು. ಪಾಲಕ್‌ನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಮೈಗೆ ಹತ್ತಗೊಡುವುದಿಲ್ಲ. ಮೈಯಲ್ಲಿ ವಿಟಮಿನ್ ಡಿ ಆಗಲು ಬೇಕಾದ ಬಿಸಿಲಿನ ಯುವಿಬಿ ಕಿರಣವನ್ನು ಕಿಟಕಿಯ ಗಾಜು ತಡೆಯುತ್ತದೆ. ವರ್ಷ ತುಂಬುವುದರೊಳಗೆ ಅದರ ದವಡೆ ರಬ್ಬರಿನಂತೆ ಮೆತ್ತಗಾಯಿತು, ಕಾಲು ನಡುಗತೊಡಗಿತು. ಸರೀಸೃಪ ನೋಡುವ ವೆಟ್ ಸಿಗುವಷ್ಟರಲ್ಲಿ ತಡವಾಗಿತ್ತು. ಆರು ವರ್ಷವಾದರೂ ಆ ನೋವು ಹೋಗಿಲ್ಲ. ತಂದರೆ ಕಾಲರ್ಡ್, ಸಾಸಿವೆ ಸೊಪ್ಪು, ದಂಡೇಲಿಯನ್ ಕೊಡಿ. ಯುವಿಬಿ ದೀಪ ಉರಿಯುತ್ತಿದ್ದರೂ ಅದರ ಶಕ್ತಿ ಕುಂದುತ್ತದೆ, ಅವಧಿ ನೋಡಿ ಬದಲಿಸಿ.

ಇನ್ನೊಂದು: ಬೆದೆಗಾಲದಲ್ಲಿ ಗಂಡು ಇಗ್ವಾನಾ ಬೇರೆಯೇ ಪ್ರಾಣಿ. ಬಾಲ ಬೀಸಿದರೆ ಬಾಸುಂಡೆ ಏಳುತ್ತದೆ, ಕಚ್ಚಿದರೆ ಹೊಲಿಗೆ ಹಾಕಿಸಬೇಕಾಗಬಹುದು. ಬಾಲ ಸೇರಿ ಐದಾರು ಅಡಿ ಬೆಳೆಯುವ ಮರವಾಸಿ ಅದು, ಗೂಡು ಎತ್ತರವಾಗಿರಬೇಕು. ಮೇಲಿನಿಂದ ಕೈ ಹಾಕಬೇಡಿ, ಹದ್ದು ಎರಗಿದಂತೆ ಬೆದರುತ್ತದೆ.

ಹ್ಯೂಸ್ಟನ್‌ನಿಂದ, ಮತ್ತೆ

ಸವಾನಾ ಮಾನಿಟರ್ ಬಗ್ಗೆ ಹೇಳುವುದು ಮರೆತೆ. ಮೂರರಲ್ಲಿ ಅಗ್ಗ ಅದೇ, ಅದಕ್ಕೇ ಜನ ಮೋಸಹೋಗುತ್ತಾರೆ. ಘಾನಾ, ಟೋಗೋ, ಬೆನಿನ್ ಕಡೆಯಿಂದ ಮರಿಗಳು ರಾಶಿ ರಾಶಿ ಬರುತ್ತವೆ, ಬರುವಾಗಲೇ ಹೊಟ್ಟೆಯಲ್ಲಿ ಹುಳು ತುಂಬಿರುತ್ತದೆ. ಕಾಡಿನಲ್ಲಿ ಅವು ಮುಖ್ಯವಾಗಿ ಕೀಟ, ಬಸವನಹುಳು ತಿಂದು ಬದುಕುವವು. ಇಲ್ಲಿ ಇಲಿ ತಿನ್ನಿಸಿ ತಿನ್ನಿಸಿ ಬೊಜ್ಜು ಬರಿಸಿ ಕೊಲ್ಲುತ್ತೇವೆ. ಎರಡಡಿ ಆಳದ ಮಣ್ಣು, 55 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿ ಜಾಗ ಕೊಡಲಾಗದವರು ಅದರ ಹೆಸರೆತ್ತಬಾರದು. ಮೊದಲ ಸಲ ಸಾಕುವ ಹುಡುಗನಿಗಂತೂ ಬೇಡವೇ ಬೇಡ.

ಬೆಂಗಳೂರಿನಿಂದ

ಇದನ್ನು ಓದುತ್ತಿರುವ ಇಲ್ಲಿಯವರಿಗೆ ಒಂದು ಮಾತು. ನಮ್ಮ ಉಡವನ್ನು ಸಾಕುವ ಯೋಚನೆಯೇ ಬೇಡ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, 3ರಿಂದ 7 ವರ್ಷ ಜೈಲು. ಇಗ್ವಾನಾ ಇಟ್ಟುಕೊಂಡವರೂ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಅಮೆರಿಕದಲ್ಲೂ ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆ. ಫ್ಲೋರಿಡಾ 2021ರಲ್ಲಿ ಇಗ್ವಾನಾ, ಟೆಗು ಎರಡನ್ನೂ ನಿಷೇಧಿತ ಪಟ್ಟಿಗೆ ಸೇರಿಸಿತು. ತಪ್ಪಿಸಿಕೊಂಡವು, ಸಾಕಲಾರದೆ ಬಿಟ್ಟವು ಅಲ್ಲಿ ಕಾಡು ತುಂಬಿವೆ. ನಾಳೆ ಕೆಲಸ ಬದಲಾಗಿ ಆ ಕಡೆ ಹೋಗಬೇಕಾದರೆ?

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಸವಾನಾ ಬಿಟ್ಟೆವು. ಟೆಗು ಅಂತ ಮಗ ಒಪ್ಪಿದ್ದಾನೆ. ಅತ್ತೆಯವರಿಗೆ ಎಪ್ಪತ್ತೆರಡು, ಹಲ್ಲಿಯಿಂದ ತಗಲಬಹುದಾದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಇದೆ.

ಹ್ಯೂಸ್ಟನ್‌ನಿಂದ

ಭಯ ಸರಿಯಾದದ್ದೇ. ಅದರ ತೊಟ್ಟಿ, ತಟ್ಟೆ ಯಾವುದನ್ನೂ ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಮುಟ್ಟಿದವರು ಪ್ರತಿ ಸಲ ಸೋಪು ಹಾಕಿ ಕೈ ತೊಳೆಯಲಿ. ಅಡುಗೆಮನೆಗೂ ಅತ್ತೆಯವರ ಕೋಣೆಗೂ ಅದನ್ನು ಬಿಡಬೇಡಿ.

ಮರಿ ಕೊಳ್ಳುವ ಮೊದಲು ಹತ್ತಿರದ ಸರೀಸೃಪ ಆಶ್ರಯಧಾಮಕ್ಕೆ ಫೋನ್ ಮಾಡಿ. ಯಾರೋ ಸಾಕಲಾರದೆ ಬಿಟ್ಟುಹೋದ, ಪಳಗಿದ ದೊಡ್ಡ ಟೆಗು ಸಿಗಬಹುದು. ಮಗನನ್ನೂ ಕರೆದುಕೊಂಡು ಹೋಗಿ. ನಾಲ್ಕು ಅಡಿ ಅಂದರೆ ಎಷ್ಟು ಅಂತ ಅವನು ಎತ್ತಿ ನೋಡಲಿ.