ಹೆಡಿ ಲಮಾರ್ ಫಾರ್ವರ್ಡ್: ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್) 94ರ ಬ್ಯಾಚಿನ ಗುಂಪಿನಲ್ಲಿ ಜಗಳ

ಶೈಲಜಾ: *(ಫಾರ್ವರ್ಡ್)* ನಿಮ್ಮ ಮೊಬೈಲಿನ ವೈಫೈ, ಬ್ಲೂಟೂತ್, ಜಿಪಿಎಸ್ ಮೂರನ್ನೂ ಕಂಡುಹಿಡಿದವಳು ಹಾಲಿವುಡ್ ಸುಂದರಿ ಹೆಡಿ ಲಮಾರ್!! ಜಗತ್ತು ಮರೆತ ಮಹಿಳೆ. ಹತ್ತು ಜನಕ್ಕೆ ಕಳಿಸಿ 🙏

ದಿವಾಕರ: ಮತ್ತೆ ಬಂತಾ ಮಾರಾಯ್ರೆ ಇದು! ಅವಳ ಪೇಟೆಂಟ್ ಇರುವುದು ಹಾಪಿಂಗ್‌ಗೆ, ಅಂದರೆ ಒಂದು ಫ್ರೀಕ್ವೆನ್ಸಿಯಿಂದ ಇನ್ನೊಂದಕ್ಕೆ ಹಾರುತ್ತಾ ಇರುವುದಕ್ಕೆ. ಜಿಪಿಎಸ್ ಹಾಪ್ ಮಾಡುವುದೇ ಇಲ್ಲ. ನಾವು ಬಳಸುವ ಹಳೆಯ ಸಿಗ್ನಲ್ ಎಲ್ಲ ಉಪಗ್ರಹಗಳಿಂದಲೂ 1575.42 ಮೆಗಾಹರ್ಟ್ಸ್‌ನಲ್ಲೇ ಬರುವುದು. ಒಂದೊಂದಕ್ಕೆ 1023 ಚಿಪ್‌ನ (ಚಿಪ್ ಅಂದರೆ ಕೋಡಿನ ಒಂದು ತುಣುಕು) ಬೇರೆ ಬೇರೆ ಕೋಡ್, ಮಿಲಿಸೆಕೆಂಡಿಗೊಮ್ಮೆ ಮೊದಲಿಂದ ಶುರು. ಅದು ಡೈರೆಕ್ಟ್ ಸೀಕ್ವೆನ್ಸ್, ಫ್ರೀಕ್ವೆನ್ಸಿ ಬದಲಿಸದೆ ಕೋಡಿನಿಂದ ಸಿಗ್ನಲ್ ಹರಡುವುದು, ಬೇರೆಯೇ ಜಾತಿ.

ಶೈಲಜಾ: ವೈಫೈ?

ದಿವಾಕರ: 1997ರ ಮೊದಲ ವೈಫೈ ಸ್ಟ್ಯಾಂಡರ್ಡ್ 802.11ರಲ್ಲಿ ಹಾಪಿಂಗ್ ಒಂದು ಆಯ್ಕೆ ಇತ್ತು, 1 ಅಥವಾ 2 ಎಂಬಿಪಿಎಸ್. 1999ರಲ್ಲಿ 802.11ಬಿ ಬಂದು 11 ಎಂಬಿಪಿಎಸ್ ಕೊಟ್ಟ ಮೇಲೆ ಅದನ್ನು ಕೇಳುವವರೇ ಇಲ್ಲ. ಈಗ ಒಎಫ್‌ಡಿಎಂ ಉಂಟು, ಹಾರದೆ ಹಲವು ಫ್ರೀಕ್ವೆನ್ಸಿಗಳಲ್ಲಿ ಒಟ್ಟಿಗೇ ಕಳಿಸುವುದು. ಬ್ಲೂಟೂತ್ ಒಂದು ಮಾತ್ರ ಒಪ್ಪಬಹುದು.

ಬಸವರಾಜ: ಅಲ್ರೀ, ಫಾರ್ವರ್ಡ್ ಬರದಾಂವ ಸುಳ್ಳು ಹೇಳಿದ್ರ ಪಾಪ ಆಕೀದೇನ್ ತಪ್ಪು? ಪೇಟೆಂಟ್ ಖರೇನ ಐತಿ. ನಂಬರ್ 2,292,387. 1941 ಜೂನ್ 10ಕ್ಕ ಅರ್ಜಿ, 1942 ಆಗಸ್ಟ್ 11ಕ್ಕ ಮಂಜೂರು. ಹೆಸರು ಹೆಡಿ ಕೀಸ್ಲರ್ ಮಾರ್ಕಿ ಅಂತ ಅದ, ಅದಕ್ಕ ಲಮಾರ್ ಅಂತ ಹುಡುಕಿದ್ರ ಸಿಗೂದಿಲ್ಲ.

ಗುರು: ಪಕ್ಕದಲ್ಲೇ ಜಾರ್ಜ್ ಆಂಥೈಲ್ ಹೆಸರೂ ಇದೆಯಲ್ಲ ಬಸು. ಅವನನ್ನ ಯಾವ ಫಾರ್ವರ್ಡೂ ಹೇಳಲ್ಲ. ಸಂಗೀತಗಾರ. ತಾನೇ ನುಡಿಯೋ 16 ಪಿಯಾನೊ ಒಟ್ಟಿಗೆ ಬಾರಿಸಬೇಕು ಅಂತ ಕೃತಿ ಬರೆದು, ಆ ಕಾಲದಲ್ಲಿ ಅವನ್ನ ಹೊಂದಿಸೋಕಾಗದೆ ಒದ್ದಾಡಿದೋನು.

ಶೈಲಜಾ: ಸರಿ, ಹಾಗಾದ್ರೆ ಎಲ್ಲಾ ಗಂಡಸಿಗೇ ಕೊಟ್ಬಿಡಿ! ಅವಳ ಮೊದಲ ಗಂಡ ಫ್ರಿಟ್ಸ್ ಮಾಂಡ್ಲ್ ಆಸ್ಟ್ರಿಯಾದ ಮದ್ದುಗುಂಡು ಕಾರ್ಖಾನೆ ದೊರೆ. ಆಯುಧದ ಸಮಸ್ಯೆ ಏನು ಅಂತ ಗೊತ್ತಿದ್ದಿದ್ದು ಆಂಥೈಲ್‌ಗಾ, ಅವಳಿಗಾ?

ಗುರು: ಅದು ಒಪ್ಪಿದೆ. ರೇಡಿಯೊದಲ್ಲಿ ನಡೆಸೋ ಟಾರ್ಪಿಡೊ ಒಂದೇ ಫ್ರೀಕ್ವೆನ್ಸಿಲಿದ್ರೆ ಶತ್ರು ಅದನ್ನ ಹುಡುಕಿ, ಗದ್ದಲ ಸುರಿದು ಜಾಮ್ ಮಾಡ್ತಾನೆ. ಎರಡೂ ಕಡೆ ಒಟ್ಟಿಗೆ ಬದಲಾಗ್ತಾ ಹೋದ್ರೆ ಬೆನ್ನು ಹತ್ತೋದು ಕಷ್ಟ. ಆದ್ರೆ "ಬದಲಾಯಿಸು" ಅನ್ನೋದು ಸುಲಭ, "ಒಟ್ಟಿಗೆ" ಅನ್ನೋದೇ ತಲೆನೋವು. ಪೇಟೆಂಟ್ ಚಿತ್ರ ನೋಡಿ. ಹಡಗಿನಲ್ಲೊಂದು, ಟಾರ್ಪಿಡೊದಲ್ಲೊಂದು, ತೂತು ಹೊಡೆದ ಒಂದೇ ಥರದ ಕಾಗದದ ಪಟ್ಟಿ. ತೂತು ಮೇಲೆ ಬಂದಾಗ ಗಾಳಿಯ ಎಳೆತಕ್ಕೆ ಪಿಸ್ಟನ್ ಸರಿದು ಸ್ವಿಚ್ ಮುಚ್ಚುತ್ತೆ, ಬೇರೆ ಕೆಪಾಸಿಟರ್ ಸೇರುತ್ತೆ, ಫ್ರೀಕ್ವೆನ್ಸಿ ಹಾರುತ್ತೆ. ತಾನೇ ನುಡಿಯೋ ಪಿಯಾನೊ ಓಡೋದೂ ಇಂಥದೇ ತೂತಿನ ಕಾಗದದ ಸುರುಳಿಯಿಂದ. ಅದರಲ್ಲಿ 88 ಸಾಲು, ಹಾಗಾಗಿ 88 ಫ್ರೀಕ್ವೆನ್ಸಿ ಸಾಧ್ಯ ಅಂತ ಬರ್ದಿದಾರೆ. ಚಿತ್ರದಲ್ಲಿರೋದು ಮಾತ್ರ ಏಳು.

ಬಸವರಾಜ: ಮತ್ತ ರಿಸೀವರಿಗೆ ನಾಕ! ಉಳದ ಮೂರು ಸುಮ್ನ ಶತ್ರೂನ ದಾರಿ ತಪ್ಪಸಾಕ. ಅದರಾಗ ಏನ್ ಹೇಳಿದ್ರೂ ಟಾರ್ಪಿಡೊಕ್ಕ ಕೇಳೂದಿಲ್ಲ. ಎಡಕ್ಕ ತಿರುಗು ಅಂದ್ರ 100 ಸೈಕಲ್ ಟೋನು, ಬಲಕ್ಕ 500. ನನಗ ಇದು ಭಾಳ ಸೇರ್ತದ.

ದಿವಾಕರ: ಕಾಗದ ಎಷ್ಟು ಹೊತ್ತು ಸಮ ಓಡುತ್ತದೆ? ಓಡಿಸುವುದು ಗಡಿಯಾರದ ಸ್ಪ್ರಿಂಗ್ ಮೋಟರ್. ಎರಡರ ವೇಗದಲ್ಲಿ ನೂರಕ್ಕೆ ಒಂದು ವ್ಯತ್ಯಾಸ ಇದ್ದರೆ 5 ನಿಮಿಷದ ಓಟದಲ್ಲಿ 3 ಸೆಕೆಂಡ್ ಅಂತರ. ಅಷ್ಟಾದರೆ ಹಡಗು ಒಂದು ಸಾಲಿನಲ್ಲಿ, ಟಾರ್ಪಿಡೊ ಇನ್ನೊಂದರಲ್ಲಿ. ಮೇಲೆ ಉಪ್ಪುನೀರು, ರೇಡಿಯೊವನ್ನು ನುಂಗುತ್ತದೆ. ಅಮೆರಿಕದ ನೌಕಾಪಡೆ ಇದನ್ನು ಕೈಗೆತ್ತಿಕೊಳ್ಳದ್ದರಲ್ಲಿ ನನಗೆ ಆಶ್ಚರ್ಯ ಇಲ್ಲ.

ಗುರು: ನೌಕಾಪಡೆಯೋರ ಬುದ್ಧಿ ಬಗ್ಗೆ ಮಾತ್ರ ಹೇಳ್ಬೇಡ. ಅದೇ 1942ರ ಆಗಸ್ಟ್‌ನಲ್ಲಿ ತಮ್ಮ ಮಾರ್ಕ್ 14 ಟಾರ್ಪಿಡೊ ಇಟ್ಟ ಆಳಕ್ಕಿಂತ ಸುಮಾರು 10 ಅಡಿ ಕೆಳಗೆ ಓಡ್ತಿದೆ ಅಂತ ಒಪ್ಕೊಂಡೋರು 😄

ಶೈಲಜಾ: ಬ್ಲೂಟೂತ್ ಒಪ್ತೀನಿ ಅಂದ್ಯಲ್ಲ ದಿವಾಕರ, ಎಷ್ಟರ ಮಟ್ಟಿಗೆ?

ದಿವಾಕರ: ತತ್ವದ ಮಟ್ಟಿಗೆ. ಕ್ಲಾಸಿಕ್ ಬ್ಲೂಟೂತ್‌ನಲ್ಲಿ 79 ಚಾನಲ್, ಸೆಕೆಂಡಿಗೆ 1600 ಹಾಪ್, ಒಂದು ಸ್ಲಾಟ್, ಅಂದರೆ ಒಂದು ಹಾಪಿನ ಹೊತ್ತು, 625 ಮೈಕ್ರೊಸೆಕೆಂಡ್. ಕಾಗದದ ಬದಲು ಮಾಸ್ಟರಿನ (ಇಲ್ಲಿ ಮೊಬೈಲ್ ಎನ್ನಿ) ವಿಳಾಸ ಮತ್ತು ಗಡಿಯಾರ, ಇವೆರಡರಿಂದ ಮುಂದಿನ ಚಾನಲ್ ಲೆಕ್ಕ. ಗಡಿಯಾರಕ್ಕೆ 20 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 20, ತಪ್ಪಿಗೆ ಅವಕಾಶ ಉಂಟು. ಎರಡು ಕಡೆ ವಿರುದ್ಧ ದಿಕ್ಕಿಗೆ ಜಾರಿದರೆ 16 ಸೆಕೆಂಡಿನೊಳಗೆ ಒಂದು ಇಡೀ ಸ್ಲಾಟ್ ತಪ್ಪಿತು. ಹಾಗಾಗಿ ಪ್ಯಾಕೆಟ್ ಬಂದಾಗಲೆಲ್ಲ ಇಯರ್‌ಫೋನ್ ತನ್ನ ಗಡಿಯಾರ ತಿದ್ದಿಕೊಳ್ಳುತ್ತದೆ. ಇನ್ನು, ಹಾರುವ ಐಡಿಯಾಕ್ಕೆ ವಿಲ್ಲೆಮ್ ಬ್ರೋರ್ಟ್ಜೆಸ್ ಎಂಬವನಿಗೆ 1932ರಲ್ಲೇ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. "ಮೊದಲು" ಎನ್ನುವ ಶಬ್ದ ಬೇಡ.

ಶೈಲಜಾ: "ಮೊದಲು" ತೆಗೀತೀನಿ. ಆದ್ರೆ "ಮರೆತ" ಅನ್ನೋದು ಇರುತ್ತೆ. ಪೇಟೆಂಟ್ 1959ಕ್ಕೆ ಮುಗೀತು, ಬಿಡಿಗಾಸು ಬರ್ಲಿಲ್ಲ. ಮೊದಲ ದೊಡ್ಡ ಗೌರವ 1997ರ ಇಎಫ್‌ಎಫ್ (ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್) ಪ್ರಶಸ್ತಿ, ಆಗ ಅವಳಿಗೆ 82. ಸತ್ತಿದ್ದು 2000ದಲ್ಲಿ, ಇನ್ವೆಂಟರ್ಸ್ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2014ರಲ್ಲಿ. ಅಲ್ಲೀವರೆಗೆ ಜನಕ್ಕೆ ಅವಳು 1949ರ 'ಸ್ಯಾಮ್ಸನ್ ಅಂಡ್ ಡೆಲೈಲಾ' ಸಿನಿಮಾದ ಡೆಲೈಲಾ ಅಷ್ಟೇ.

ಗುರು: ತಗೋ: "ಹೆಡಿ ಲಮಾರ್ ಮತ್ತು ಜಾರ್ಜ್ ಆಂಥೈಲ್ 1942ರಲ್ಲಿ, ಜಾಮ್ ಮಾಡಲಾಗದ ಟಾರ್ಪಿಡೊ ರೇಡಿಯೊಗೆ ಪೇಟೆಂಟ್ ಪಡೆದರು. ಇದೇ ಬಗೆಯ ಹಾಪಿಂಗ್ ಇಂದು ಬ್ಲೂಟೂತ್‌ನಲ್ಲಿದೆ."

ದಿವಾಕರ: "ಜಾಮ್ ಮಾಡಲಾಗದ" ಅಲ್ಲ, "ಜಾಮ್ ಮಾಡಲು ಕಷ್ಟವಾದ". 88 ಫ್ರೀಕ್ವೆನ್ಸಿಗೂ ಒಟ್ಟಿಗೆ ಗದ್ದಲ ಸುರಿದರೆ ಕೆಲಸ ಮುಗಿಯಿತು, ಪವರ್ ಬೇಕು ಅಷ್ಟೆ.

ಬಸವರಾಜ: ವೈಫೈ ಇಲ್ಲಾ, ಜಿಪಿಎಸ್ ಇಲ್ಲಾ. ಇದನ್ನ ಹತ್ತು ಮಂದಿಗೆ ಯಾರ್ ಕಳಸ್ತಾರ್ರೀ?

ಶೈಲಜಾ: ನಾನು. ಅಕ್ಕನ ಗ್ರೂಪಿಗೆ ಹಾಕಿದೆ, ಪೇಟೆಂಟ್ ಚಿತ್ರದ ಜೊತೆ.